ಸಾಮಾನ್ಯ ಬಳಕೆದಾರರು ಲಿನಕ್ಸ್‌ಗೆ ಬದಲಾಗಲು ಅಡ್ಡಿಯಾಗಿರುವುದೇನು?

ಅಂಗಡಿಯಲ್ಲಿ ಕೊಳ್ಳುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಮೊದಲೇ ಇರುವುದರಿಂದ, ಲಿನಕ್ಸ್‌ನಂತಹ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು (ಗಣಕವನ್ನು ನಡೆಸುವ ಮೂಲ ತಂತ್ರಾಂಶವನ್ನು) ಹಾಕಿಕೊಳ್ಳುವ ಪ್ರಸಂಗವೇ ಬಹುತೇಕರಿಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ದಿನನಿತ್ಯದ ತಂತ್ರಾಂಶಗಳದ್ದು: ಲೆಕ್ಕಪತ್ರಕ್ಕೆ ಬಳಸುವ ಟ್ಯಾಲಿ, ಮುದ್ರಣಾಲಯಗಳ ಪೇಜ್‌ಮೇಕರ್, ಫೋಟೊಶಾಪ್ ಇವುಗಳಿಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ಕನ್ನಡಿಗರಿಗಂತೂ ಇನ್ನೊಂದು ಹೊರೆಯಿದೆ. ಕನ್ನಡ ಬರೆಯುವ ನುಡಿ, ಬರಹ ತಂತ್ರಾಂಶಗಳಲ್ಲಿ, ಎಲ್ಲ ಭಾಷೆಗಳ ಅಕ್ಷರಗಳಿಗೆ ಏಕರೂಪದ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಆಸ್ಕಿ ಫಾಂಟ್‌ಗಳಿಂದ (ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೆ ಕನ್ನಡ ರೂಪ ಕೊಟ್ಟ ಫಾಂಟ್‌ಗಳಿಂದ) ಸಿದ್ಧಪಡಿಸಿದ ಕಡತಗಳು, ಆ ಫಾಂಟ್‌ಗಳಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ, ಮತ್ತು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಒತ್ತಕ್ಷರಗಳನ್ನು ಪರಿಶೀಲಿಸಬೇಕಾಗುತ್ತದೆ. ಆದರೆ ಕನ್ನಡ ಟೈಪಿಂಗ್ ಸಮಸ್ಯೆಯಲ್ಲ, ಏಕೆಂದರೆ ಪರಿಚಿತ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಲಿನಕ್ಸ್‌ನಲ್ಲೂ ದೊರೆಯುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಗಣಕವನ್ನು ಕೈಬಿಡುವ ಮುನ್ನ ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ಬಗೆಯನ್ನು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ, ಪ್ರಿಂಟರ್ ಮತ್ತು ವೈಫೈ ಕೆಲಸಮಾಡುತ್ತವೆಯೇ ಎಂದು ದಯವಿಟ್ಟು ಪರೀಕ್ಷಿಸಿ.