ಹೊತ್ತು ತಂದವರ ವೀರಗಲ್ಲು

ಪತ್ರ: ಕಳೆದ ಸಂಚಿಕೆಯಲ್ಲಿ ಲ್ಯಾನ್ಸ್ ನಾಯಕ್ ಲಾಲಾ ಅವರ ಬಗ್ಗೆ ಬರೆದಿದ್ದೀರಿ. ಗಾಯಾಳುಗಳನ್ನು ಹೊತ್ತು ತಂದದ್ದು ಮೆಚ್ಚತಕ್ಕದ್ದೇ. ಆದರೆ ಶತ್ರುವನ್ನು ಹೊಡೆದುರುಳಿಸಿದವರಿಗೆ ಕೊಡುವ ಪದಕವನ್ನೇ ಇವರಿಗೂ ಕೊಡುವುದು ಸರಿಯೇ?
- ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ಮೇಷ್ಟರೇ, ನಿಮ್ಮ ದುಂಡಗಿನ ಅಕ್ಷರ ನೋಡಿ ಖುಷಿಯಾಯಿತು, ಪ್ರಶ್ನೆ ಓದಿ ನೋವಾಯಿತು. ಕಾದಾಡಿ ಗೆದ್ದವರ ಗೌರವ ಎಳ್ಳಷ್ಟೂ ಕುಗ್ಗಬಾರದು, ಒಪ್ಪಿದೆ. ಆದರೆ 1916ರ ಜನವರಿ 21ರಂದು ಮೊದಲ ಮಹಾಯುದ್ಧದ ನಡುವೆ ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ನಡೆದದ್ದನ್ನು ಇನ್ನೊಮ್ಮೆ ನಿಧಾನವಾಗಿ ಓದಿ.

41ನೇ ಡೋಗ್ರಾ ಪಡೆಯ ಲಾಲಾ ತಾವೇ ಮಾಡಿಕೊಂಡ ಮರೆಯಲ್ಲಿ ಆಗಲೇ ನಾಲ್ವರಿಗೆ ಪಟ್ಟಿ ಕಟ್ಟಿದ್ದರು. ಬೇರೆ ಪಡೆಯ ಅಧಿಕಾರಿಯೊಬ್ಬರನ್ನೂ ಅಲ್ಲಿಗೆ ಎಳೆತಂದರು. ಅಷ್ಟರಲ್ಲಿ ಬಯಲಿನಲ್ಲಿ ಬಿದ್ದಿದ್ದ ತಮ್ಮ ಪಡೆಯ ಅಡ್ಜುಟೆಂಟ್ (ಪಡೆಯ ಮುಖ್ಯಸ್ಥನಿಗೆ ನೆರವಾಗುವ ಅಧಿಕಾರಿ) ಕೂಗಿದ್ದು ಕೇಳಿಸಿತು. ಶತ್ರು ಇದ್ದದ್ದು ನೂರು ಗಜದೊಳಗೆ. ಲಾಲಾ ಹೋದರು. ಬೆನ್ನ ಮೇಲೆ ಹೊತ್ತು ತೆವಳುತ್ತೇನೆಂದರೆ ಅಪ್ಪಣೆ ಸಿಗಲಿಲ್ಲ. ಆಗ ತಮ್ಮ ಮೈಮೇಲಿನ ಬಟ್ಟೆ ಬಿಚ್ಚಿ ಅವರಿಗೆ ಹೊದಿಸಿ, ಕತ್ತಲಾಗುವ ಹೊತ್ತಿನವರೆಗೂ ಪಕ್ಕದಲ್ಲೇ ಉಳಿದರು. ರಾತ್ರಿ ಆ ಇಬ್ಬರು ಅಧಿಕಾರಿಗಳನ್ನೂ ಕಂದಕಕ್ಕೆ ಸೇರಿಸಿದರು. ಇವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಹೆಚ್ಚಾಯಿತೇ? ಬಂದೂಕು ಹಿಡಿದವನಿಗೆ ಅದೇ ಒಂದು ಆಸರೆ. ಗಾಯಾಳುವನ್ನು ಹೊತ್ತವನಿಗೆ ಎರಡು ಕೈಯೂ ಬಿಡುವಿಲ್ಲ, ಬೆನ್ನು ಶತ್ರುವಿನ ಕಡೆಗೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬೆಂಗಳೂರೆಂಬ ಹೆಸರು ಕಾಣಿಸುವ, ಸುಮಾರು 890ರ ಬೇಗೂರಿನ ಶಾಸನ ವೀರಗಲ್ಲೇ. ತುರು ಬಿಡಿಸಲು ಹೋಗಿ ಮಡಿದವರಿಗೆ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಮಡಿದವರಿಗೆ ನಾಡಿನುದ್ದಕ್ಕೂ ಕಲ್ಲು ನೆಟ್ಟಿದ್ದಾರೆ. ಕಾಪಾಡುವುದೇ ಅಲ್ಲಿ ವೀರತನ. ನಮ್ಮ ಬೆಂಗಳೂರಿನಲ್ಲೇ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಗಾಯಗೊಂಡ ಕಮಾಂಡೊನನ್ನು ಹೊರಗೆ ಸಾಗಿಸಲು ಏರ್ಪಾಡು ಮಾಡಿ, ಆಮೇಲೆ ಒಬ್ಬರೇ ಭಯೋತ್ಪಾದಕರ ಬೆನ್ನಟ್ಟಿದರು. ಅವರಿಗೆ ಅಶೋಕ ಚಕ್ರ ಸಂದಿತು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಿದೆ. ಆದರೆ ಗಾಯಾಳುವನ್ನು ಹೊರಗೆ ಸಾಗಿಸಿದ ಆ ಮೊದಲ ಅರ್ಧವನ್ನು ನೆನೆಯುವವರೆಷ್ಟು ಮಂದಿ?

ನನ್ನ ಸಂಕಟವೇ ಇದು. ಹೋದ ತಿಂಗಳು ನಮ್ಮ ವೃತ್ತದಲ್ಲಿ ಹುಡುಗನೊಬ್ಬ ಸ್ಕೂಟರಿನಿಂದ ಬಿದ್ದ. ಸುತ್ತ ಹತ್ತಾರು ಮೊಬೈಲ್‌ಗಳು ಮೇಲೆದ್ದವು, ಒಂದು ಕೈಯೂ ಕೆಳಗಿಳಿಯಲಿಲ್ಲ. ನೆರವಾದವರಿಗೆ ತೊಂದರೆಯಾಗದಂತೆ 2019ರಲ್ಲೇ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿಸಿದ್ದಾರೆ. ಆದರೂ ಪೊಲೀಸರ ಭಯವಂತೆ. ಕೊನೆಗೆ ಓಡಿ ಬಂದವರು ಸೇನೆಯ ವೈದ್ಯಕೀಯ ವಿಭಾಗದಿಂದ ನಿವೃತ್ತರಾದ, ನಮ್ಮ ಬೀದಿಯ ಹಿರಿಯರು. ಹೆಗಲ ಟವೆಲನ್ನು ನಾಲ್ಕು ಮಡಿಕೆ ಮಾಡಿ ಗಾಯಕ್ಕೆ ಒತ್ತಿ ಹಿಡಿದರು, ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಲಿಲ್ಲ.

ಮೊಮ್ಮಗನಿಗೆ ಸೈನ್ಯ ಸೇರುವಾಸೆ ಎಂದು ಬರೆದಿದ್ದೀರಿ. ಭಾನುವಾರ ಬೆಳಗ್ಗೆ ಕರೆತನ್ನಿ. ಹಿರಿಯರು ಪಟ್ಟಿ ಕಟ್ಟುವುದನ್ನು ಕಲಿಸಲು ಒಪ್ಪಿದ್ದಾರೆ; ಹಳೆಯ ಟವೆಲ್ ಒಂದಿದ್ದರೆ ಸಾಕಂತೆ.