ಹಳೆಯ ಕಂಪೈಲರಿಗೆ ಕರ್ನೆಲ್ ಬಾಗಿಲು ಮುಚ್ಚಬೇಕೆ?

ಪ್ರಶ್ನೆ: ನಮ್ಮ ಪ್ರಯೋಗಾಲಯದ ಗಣಕದಲ್ಲಿ ಜಿಸಿಸಿ ಎಂಬ ಕಂಪೈಲರಿನ (ಸಿ ಭಾಷೆಯಲ್ಲಿ ಬರೆದದ್ದನ್ನು ಯಂತ್ರದ ಕೋಡ್ ಆಗಿಸುವ ತಂತ್ರಾಂಶ) 4.9ನೇ ಆವೃತ್ತಿ ಇದೆ. ಹೊಸ ಲಿನಕ್ಸ್ ಕರ್ನೆಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಕಟ್ಟಹೊರಟರೆ, ಕಂಪೈಲರ್ ತೀರ ಹಳೆಯದೆಂದು ಆರಂಭದಲ್ಲೇ ನಿಂತುಬಿಡುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಕಂಪೈಲರನ್ನು ಹೀಗೆ ಕೈಬಿಡುವುದು ಸರಿಯೇ?

ಉತ್ತರ: ಸರಿಯೆಂದೇ ನನ್ನ ಅಭಿಪ್ರಾಯ. ‘ಚೆನ್ನಾಗಿ ಕೆಲಸ ಮಾಡುತ್ತಿದೆ’ ಎಂಬ ಮಾತನ್ನೇ ಇಲ್ಲಿ ನಂಬುವಂತಿಲ್ಲ. 5.1ಕ್ಕಿಂತ ಹಿಂದಿನ ಜಿಸಿಸಿ 64 ಬಿಟ್ ಆರ್ಮ್ ಪ್ರೊಸೆಸರಿಗೆ ಸಿದ್ಧಪಡಿಸುತ್ತಿದ್ದ ಕೋಡ್, ಕೆಲವೊಮ್ಮೆ ಸ್ಟ್ಯಾಕಿನ (ತಾತ್ಕಾಲಿಕ ಮೌಲ್ಯಗಳನ್ನಿಡುವ ಸ್ಮೃತಿಭಾಗ) ಜಾಗವನ್ನು ಬಿಟ್ಟುಕೊಟ್ಟ ಮೇಲೂ ಅಲ್ಲಿಂದ ಮೌಲ್ಯವನ್ನು ಓದುತ್ತಿತ್ತು. ಆ ಕ್ಷಣದಲ್ಲೇ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಬೇರೆಡೆ ಗಮನ ಸೆಳೆಯುವ ಸಂಕೇತ) ಬಂದರೆ ಮೌಲ್ಯ ಅಳಿಸಿಹೋಗಿ, ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ದೋಷಗಳು ಕಾಣಿಸಿಕೊಳ್ಳುತ್ತಿದ್ದವು. (ಡಿಸ್ಕನ್ನೇ ಶಂಕಿಸುವವರಿಗೆ ಕಂಪೈಲರ್ ಎಲ್ಲಿ ನೆನಪಾಗಬೇಕು!) ಕರ್ನೆಲಿನ 2021ರ 5.15ನೇ ಆವೃತ್ತಿಯಿಂದ ಎಲ್ಲ ಪ್ರೊಸೆಸರುಗಳಿಗೂ ಜಿಸಿಸಿ 5.1 ಕನಿಷ್ಠ ಮಿತಿಯಾಯಿತು, 2025ರ 6.16ರಲ್ಲಿ ಅದು 8.1ಕ್ಕೇರಿತು. ಹಳೆಯದನ್ನು ಬಿಟ್ಟದ್ದರಿಂದಲೇ 2022ರ 5.18ರಲ್ಲಿ, ಕರ್ನೆಲ್ ಬರೆಯುವ ಸಿ ಭಾಷೆಯ 1989ರ ಮಾನದಂಡದಿಂದ 2011ರದಕ್ಕೆ ಸಾಗಿ, ಲೂಪಿನ (ಮರುಮರಳಿ ನಡೆಯುವ ಆದೇಶಗಳ ಸುತ್ತು) ಚರವನ್ನು ಲೂಪಿನೊಳಗೇ ಘೋಷಿಸುವ ಅನುಕೂಲ ದೊರೆಯಿತು.

ನೀವು ಗಣಕದ ಜಿಸಿಸಿಯನ್ನು ತೆಗೆದುಹಾಕಬೇಕಾಗಿಲ್ಲ. ಕರ್ನೆಲ್‌ನ ಅಧಿಕೃತ ತಾಣದಲ್ಲಿ ಸಿದ್ಧ ಕಂಪೈಲರುಗಳು ದೊರೆಯುತ್ತವೆ. ಒಂದನ್ನು ಬೇರೆ ಕಡತಕೋಶದಲ್ಲಿ ಬಿಚ್ಚಿಟ್ಟು, ಕರ್ನೆಲ್ ಕಟ್ಟುವುದಕ್ಕಷ್ಟೇ ಬಳಸಿಕೊಳ್ಳಿ.