ಹಿರಿಯರ ಮುಂದಲ್ಲ, ನ್ಯಾಯಾಧೀಶರ ಮುಂದೆ

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: ಗಂಡನಿಂದ ದೂರವಾಗಿ ತವರಿನಲ್ಲಿದ್ದಾರೆ. ಕ್ರೌರ್ಯದ ಕಾರಣ ಕೊಟ್ಟು ಹಾಕಿದ ವಿಚ್ಛೇದನದ ಅರ್ಜಿ ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯದಲ್ಲಿದೆ. ಆತ ಬೈದು ಬೆದರಿಸಿದ ಕರೆಗಳ ರೆಕಾರ್ಡಿಂಗ್ ಇವರ ಮೊಬೈಲಿನಲ್ಲಿವೆ. ಮನೆಯಲ್ಲಿ ಬಿದ್ದಿದ್ದ ಆತನ ಹಳೇ ಫೋನಿನಲ್ಲಿ ಇನ್ನೊಬ್ಬ ಹೆಣ್ಣುಮಗಳ ಜೊತೆಗಿನ ಖಾಸಗಿ ವಿಡಿಯೊ ಸಿಕ್ಕಿದೆ. ‘ಇವನ್ನು ಕೊಡುವುದು ತಪ್ಪೇ? ಮೊದಲು ಹಿರಿಯರಿಗೆ ಕೇಳಿಸೋಣ ಅಂತಾನೆ ನಮ್ಮಣ್ಣ’ ಎಂಬುದು ಅವರ ಪ್ರಶ್ನೆ.

ಕರೆಗಳನ್ನು ಕೊಡಿ. ಅವು ನಿಮ್ಮೊಂದಿಗೇ ಆಡಿದ ಮಾತು. ಗಂಡ-ಹೆಂಡಿರ ನಡುವಿನ ಮಾತು ಗುಟ್ಟಾಗಿರಬೇಕೆಂಬ ಕಾನೂನು ಇದೆ ನಿಜ. ಆದರೆ ಅವರಿಬ್ಬರ ನಡುವೆಯೇ ವ್ಯಾಜ್ಯವಿದ್ದಾಗ ಅದೇ ಕಾನೂನು ವಿನಾಯಿತಿ ಕೊಡುತ್ತದೆ. ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತನ್ನೂ ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪು ತೆರೆದದ್ದು ನ್ಯಾಯಾಲಯದ ಬಾಗಿಲನ್ನು ಮಾತ್ರ. ಹಿರಿಯರ ಪಂಚಾಯ್ತಿಗಾಗಲಿ, ಬಳಗದ ವಾಟ್ಸಾಪ್ ಗ್ರೂಪಿಗಾಗಲಿ ಅದು ಅನುಮತಿ ಕೊಟ್ಟಿಲ್ಲ. ಕಟ್ಟೆಯ ಮೇಲೆ ಒಮ್ಮೆ ಕೇಳಿಸಿದ ಆಡಿಯೊವನ್ನು ಅಲ್ಲಿದ್ದ ಯಾರಾದರೂ ತಮ್ಮ ಫೋನಿನಲ್ಲಿ ಹಿಡಿದರೆ ತಡೆಯುವವರಿಲ್ಲ. ಆಮೇಲೆ ಅದು ಊರ ಮಾತು, ನಿಮ್ಮ ಮಕ್ಕಳ ಕಿವಿಗೂ ಬೀಳುತ್ತದೆ.

ಸಾಕ್ಷ್ಯ ಕೆಡುವುದು ಹೆಚ್ಚಾಗಿ ಒಳ್ಳೆಯ ಉದ್ದೇಶದಿಂದಲೇ. ‘ಬೇಕಾದಷ್ಟೇ ಇರಲಿ’ ಎಂದು ಆಡಿಯೊ ಕತ್ತರಿಸುತ್ತಾರೆ. ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ನೀವು ತಿರುಗಿ ಬೈದಿದ್ದರೆ ಅದೂ ಇರಲಿ. ವಕೀಲರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಮೂಲವೆಂದು ನಂಬಬೇಡಿ, ಹಾಗೆ ಹೋದ ಫೈಲಿನ ಹೆಸರು, ದಿನಾಂಕ ಬದಲಾಗುತ್ತವೆ. ವಿಡಿಯೊ ಆದರೆ ಕುಗ್ಗಿಯೂ ಬಿಡುತ್ತದೆ. ಡೇಟಾ ಕೇಬಲ್ ಹಾಕಿ ಎರಡು ಹೊಸ ಪೆನ್ ಡ್ರೈವಿಗೆ ನಕಲು ತೆಗೆಯಿರಿ, ಅದೂ ನಂಬಿಕಸ್ಥರ ಕಂಪ್ಯೂಟರಿನಲ್ಲಿ. ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಬೇಡ, ಅಲ್ಲೊಂದು ಪ್ರತಿ ಉಳಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮೂಲ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ, ಜಾಗ ಖಾಲಿ ಮಾಡುವ ಆ್ಯಪ್ ತೆಗೆದುಹಾಕಿ.

ನಕಲು ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕೇ ಬೇಕು. ಅದರ ‘ಎ’ ಭಾಗ ನೀವು ತುಂಬುವುದು, ‘ಬಿ’ ಭಾಗ ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಫೈಲಿನ ಬೆರಳಚ್ಚಿನಂಥ ಗುರುತು, ಬರೆಯಬೇಕು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ತೆಗೆದರೆ ಅದು 64 ಅಕ್ಷರ-ಅಂಕಿಗಳ ಸಾಲು. ಫೈಲಿನಲ್ಲಿ ಚೂರು ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಆದ್ದರಿಂದ ನಕಲು ತೆಗೆದ ದಿನವೇ ಹ್ಯಾಶ್ ತೆಗೆದಿಡಿ. ಜೊತೆಗೆ ಮಾತುಗಳ ಬರಹರೂಪ ಬೇಕಾಗುತ್ತದೆ: ಎಷ್ಟನೇ ನಿಮಿಷ, ಯಾರ ಮಾತು ಎಂಬ ಗುರುತು ಸಮೇತ. ಆತ ಗದಗಿನ ಮಾತಿನಲ್ಲಿ ಬೈದಿದ್ದರೆ ಹಾಗೇ ಬರೆಯಿರಿ. ಟೈಪ್ ಮಾಡುವವರು ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಧ್ವನಿಗೂ ಬರಹಕ್ಕೂ ತಾಳೆಯಾಗದು.

ವಿಡಿಯೊ ಮಾತ್ರ ಬೇರೆ ವಿಷಯ. ಅದರಲ್ಲಿರುವ ಹೆಣ್ಣುಮಗಳು ನಿಮ್ಮ ವ್ಯಾಜ್ಯದ ಕಕ್ಷಿದಾರಳಲ್ಲ, ಆಕೆಯ ಒಪ್ಪಿಗೆ ನಿಮಗಿಲ್ಲ. ನಿಮಗಾದ ನೋವು ಎಷ್ಟೇ ದೊಡ್ಡದಿರಲಿ, ಆಕೆಯ ಮೈಯನ್ನು ಕಾಗದಪತ್ರದಂತೆ ಹಂಚುವುದು ಸರಿಯಲ್ಲ ಎಂದೇ ನಮ್ಮ ಖಚಿತ ಅಭಿಪ್ರಾಯ. ಕಾನೂನೂ ಕಠಿಣವಾಗಿದೆ: ಲೈಂಗಿಕ ದೃಶ್ಯವನ್ನು ಮೊಬೈಲಿನಲ್ಲಿ ರವಾನಿಸಿದರೆ ಐಟಿ ಕಾಯ್ದೆಯ 67ಎ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ‘ಜೀವನಾಂಶ ಕೊಡದಿದ್ದರೆ ಹೊರಗೆ ಬಿಡುತ್ತೇನೆ’ ಎಂದರೆ ಅದು ಸುಲಿಗೆಯ ಆರೋಪಕ್ಕೂ ದಾರಿ. ಆತ ಈಗ ಬಳಸುವ ಫೋನಿನ ಪಾಸ್‌ವರ್ಡ್ ಗೊತ್ತಿದ್ದರೂ ಅದನ್ನು ತೆರೆಯಲು ಹೋಗಬೇಡಿ.

ನಿಮ್ಮ ಅರ್ಜಿ ಕ್ರೌರ್ಯದ್ದು, ಅದಕ್ಕೆ ಕರೆಗಳೇ ಸಾಕಾಗಬಹುದು. ಸಂಬಂಧವನ್ನೂ ಸಾಬೀತುಪಡಿಸಲೇಬೇಕೆಂದು ವಕೀಲರು ಹೇಳಿದರೆ, ಲಾಡ್ಜ್ ದಾಖಲೆಯಂಥವನ್ನು ನ್ಯಾಯಾಲಯದ ಮೂಲಕ ತರಿಸಲು ಕೇಳಿ. ಹಳೇ ಫೋನು ಹಾಗೇ ಸ್ವಿಚ್ ಆಫ್ ಆಗಿ ವಕೀಲರ ವಶದಲ್ಲಿರಲಿ. ಕೋರ್ಟೇ ಕೇಳಿದರೆ ಮೊಹರು ಮಾಡಿದ ಲಕೋಟೆಯಲ್ಲಿ ಸಲ್ಲಿಸಬಹುದು. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 11ರಂತೆ ಒಬ್ಬ ಕಕ್ಷಿದಾರರು ಬಯಸಿದರೂ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕು. ಧ್ವನಿ ಕೇಳಿಸುವ ದಿನಕ್ಕೆ ಮೊದಲೇ ಇದನ್ನು ಬರಹದಲ್ಲಿ ಕೇಳಿ. ವಕೀಲರ ಶುಲ್ಕ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ.

ಅಣ್ಣನಿಗೆ ವಿಡಿಯೊ ಈಗಾಗಲೇ ಕಳಿಸಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಕಳಿಸಿದ್ದರೆ ಮುಂದೆ ಯಾರಿಗೂ ಕಳಿಸದಂತೆ ಇವತ್ತೇ ಹೇಳಿ, ವಕೀಲರಿಂದಲೂ ಆ ಸಂಗತಿ ಮುಚ್ಚಿಡಬೇಡಿ.